ಚರ್ಚಿನ ಮಾಳಿಗೆ ಮೇಲೆ ಸೋಲಾರ್: ಕರೆಂಟ್ ಹೋದಾಗ ಏನಾಗುತ್ತೆ?

ಕೂಡಲಸಂಗಮದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಭರ್ರ್ ಅನ್ನೋ ಸದ್ದು ಕೇಳಿಸ್ತಿದ್ರೆ ಅದು ಹೊಳೆ ಕಡೆಯ ಗಾಳಿ. ಕಿಟಕಿ ಹಾಕಿದ್ರೆ ಸೆಕೆ, ತೆಗೆದ್ರೆ ಸದ್ದು. ಇವತ್ತೊಂದಿನ ಹೊಂದಿಸಿಕೊಳ್ರಿ.

ಇಳಕಲ್ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಮ್ಮ ವಾಯ್ಸ್ ನೋಟ್ ಕಳಿಸಿದ್ದಾನೆ. ಅವರದು ಸಣ್ಣ ಚರ್ಚು, ಭಾನುವಾರ ಅರವತ್ತು ಜನ ಸೇರ್ತಾರೆ. ಯುವಕರೆಲ್ಲ ಕ್ರಿಸ್ಮಸ್ ಹೊತ್ತಿಗೆ ಮನೆಮನೆಗೆ ಹೋಗಿ ಹಾಡಿ ಕೂಡಿಸಿದ ದುಡ್ಡು, ಅದರ ಮೇಲೆ ಹಿರಿಯರ ಕಾಣಿಕೆ, ಒಟ್ಟು 55 ಸಾವಿರ ರೂಪಾಯಿ ಕೈಯಲ್ಲಿದೆ. ಅಂಗಡಿಯವರೊಬ್ಬರು ಬಂದು ನೋಡಿ, ‘ಒಂದು ಕಿಲೋವ್ಯಾಟ್ ಸೋಲಾರ್ ಹಾಕಿಸ್ರಿ, ಬ್ಯಾಟರಿ ಬೇಡ, ಬಿಲ್ ಝೀರೋ ಆಗ್ತೈತಿ’ ಅಂದಿದ್ದಾರೆ. ಕಮಿಟಿಯ ಒಬ್ಬ ಹಿರಿಯರು ‘ಇನ್ವರ್ಟರ್ ಸಾಕಲ್ಲೋ’ ಅಂದ್ರಂತೆ, ಅವರ ಮಾತು ಯಾರೂ ಕಿವಿಗೆ ಹಾಕ್ಕೊಂಡಿಲ್ಲ. ತಮ್ಮನ ಪ್ರಶ್ನೆ ಅವನ ಮಾತಲ್ಲೇ ಹೇಳ್ತೀನಿ: ‘ಅಣ್ಣಾ, ನಮಗ ಬಿಲ್ಲಿನ ತ್ರಾಸಿಲ್ಲ. ಆರಾಧನಿ ನಡುವ ಕರೆಂಟ್ ಹೋಗ್ತೈತಿ, ಮೈಕ್ ಬಂದ್ ಆಗ್ತೈತಿ, ಹಿಂದ ಕುಂತ ಮುದುಕರಿಗೆ ಏನೂ ಕೇಳಂಗಿಲ್ಲ. ಈ ಸೋಲಾರ್ ಹಾಕಿದ್ರ ಅದು ಸರಿ ಆಗ್ತೈತೇನು?’

ಆಗಲ್ಲ ತಮ್ಮಾ. ಅಂಗಡಿಯವರು ಹೇಳಿದ ಮಾದರಿಯಿಂದ ಅದು ಆಗಲ್ಲ. ಹಾಡಿ ಕೂಡಿಸಿದ ದುಡ್ಡು ಕೊಟ್ಟು, ಮಾಳಿಗೆ ಮೇಲೆ ಪ್ಯಾನೆಲ್ ಮಿರಮಿರ ಮಿಂಚ್ತಾ ಇರುವಾಗ, ಮಟಮಟ ಬಿಸಿಲಲ್ಲಿ, ಕರೆಂಟ್ ಹೋದ ತಕ್ಷಣ ನಿಮ್ಮ ಮೈಕೂ ಹೋಗುತ್ತೆ. ಇದನ್ನ ಮೊದಲೇ ಯಾರೂ ಬಿಡಿಸಿ ಹೇಳಲ್ಲ. ಅದಕ್ಕೇ ಇವತ್ತು ಇದೇ ವಿಷಯ.

ಸೋಲಾರ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರ ಮಾರ್ತಾರೆ. ಒಂದು, ಬ್ಯಾಟರಿ ಇಲ್ಲದ್ದು. ಪ್ಯಾನೆಲ್ಲಿನ ಕರೆಂಟು ಇನ್ವರ್ಟರಿಗೆ ಬಂದು, ಅಲ್ಲಿಂದ ಹೆಸ್ಕಾಂ ಲೈನಿನ ಜೊತೆ ಕೂಡಿಕೊಳ್ಳುತ್ತೆ. ನೀವು ಬಳಸಿ ಉಳಿದದ್ದು ಮೀಟರಿನ ಮೂಲಕ ಹೊರಗೆ ಹೋಗುತ್ತೆ. ಇದನ್ನ ಗ್ರಿಡ್ ಟೈ ಅಂತಾರೆ. ಈ ಇನ್ವರ್ಟರ್ ತನ್ನಷ್ಟಕ್ಕೆ ತಾನು ನಡೆಯೋದಲ್ಲ. ಲೈನಿನಲ್ಲಿ ಬರ್ತಿರೋ ಕರೆಂಟಿನ ತಾಳ ನೋಡಿ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತೆ. ತಾಳ ನಿಂತ್ರೆ ಇದೂ ನಿಲ್ಲಬೇಕು. ಹಾಗೆ ನಿಲ್ಲಲೇಬೇಕು ಅಂತ ನಿಯಮವೇ ಇದೆ.

ಯಾಕೆ ಅಂದ್ರೆ, ಕಂಬದ ಮೇಲೆ ಲೈನ್‌ಮನ್ ಇರ್ತಾನೆ. ಅವನು ಸ್ವಿಚ್ ತೆಗೆದು, ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರ್ತಾನೆ. ಆಗ ನಿಮ್ಮ ಮಾಳಿಗೆಯಿಂದ ಕರೆಂಟ್ ಹೊರಗೆ ಹೋಗ್ತಾ ಇದ್ರೆ? ಅದು ಊರಿನ ಟಿಸಿಯ ಒಳಗೆ ಉಲ್ಟಾ ಹೊಕ್ಕರೆ ಆ ಕಡೆ 11 ಸಾವಿರ ವೋಲ್ಟ್ ಆಗಿ ಏಳಬಹುದು. ಟಿಸಿ ಎರಡೂ ದಿಕ್ಕಿಗೆ ಕೆಲಸ ಮಾಡುತ್ತೆ, ಅದಕ್ಕೆ ಒಳ್ಳೆ ಕರೆಂಟು ಕೆಟ್ಟ ಕರೆಂಟು ಗೊತ್ತಾಗಲ್ಲ. ಒಬ್ಬನ ಜೀವದ ಪ್ರಶ್ನೆ ಇದು. ಹಾಗಾಗಿ ‘ಏನಾದ್ರೂ ಮಾಡಿ ಕರೆಂಟ್ ಹೋದಾಗಲೂ ನಡಿಯೋ ಹಂಗ ವೈರ್ ಹಾಕಿಕೊಡ್ರಿ’ ಅಂತ ಯಾರನ್ನೂ ಕೇಳಬೇಡಿ. ಯಾರಾದ್ರೂ ‘ಮಾಡಿಕೊಡ್ತೀನಿ’ ಅಂದ್ರೆ ಅವರನ್ನ ಮನೆಗೆ ಕಳಿಸಿ.

ಎರಡನೇ ಯಂತ್ರ ಬ್ಯಾಟರಿ ಇರೋದು. ಪ್ಯಾನೆಲ್ಲು ಬ್ಯಾಟರಿ ತುಂಬುತ್ತೆ, ಬ್ಯಾಟರಿಯಿಂದ ಲೈಟು, ಫ್ಯಾನು, ಮೈಕು. ಕರೆಂಟ್ ಹೋದಾಗ ಉರಿಯೋದು ಇದು. ಎರಡೂ ಸೇರಿದ ಹೈಬ್ರಿಡ್ ಅಂತಲೂ ಬರುತ್ತೆ, ಬೆಲೆ ಜಾಸ್ತಿ. ಅಂದ್ರೆ ಅಂಗಡಿಗೆ ಹೋಗೋ ಮುಂಚೆ ಕಮಿಟಿಯಲ್ಲಿ ಕೂತು ಒಂದು ಮಾತು ತೀರ್ಮಾನ ಆಗಬೇಕು. ನಮಗೆ ಬೇಕಾಗಿರೋದು ಬಿಲ್ ಇಳಿಸೋದಾ, ಕರೆಂಟ್ ಹೋದಾಗ ಬೆಳಕಾ?

ಈಗ ಸ್ವಲ್ಪ ಲೆಕ್ಕ. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೀರಿ, ಆ ತಮ್ಮ ಕಳಿಸಿದ ಪಟ್ಟಿ ಇದೆ. ಎಂಟು ಎಲ್‌ಇಡಿ ಟ್ಯೂಬು, ಒಂದೊಂದು 20 ವ್ಯಾಟ್, 160. ಆರು ಹಳೇ ಫ್ಯಾನು, ಒಂದೊಂದು 75, ಅಲ್ಲಿಗೆ 450. ಆಂಪ್ಲಿಫೈಯರ್ ಮೈಕ್ ಸೇರಿ 150 ಅಂತ ಹಿಡಿಯೋಣ. ಕೀಬೋರ್ಡಿಗೆ 30. ಒಟ್ಟು 790 ವ್ಯಾಟ್. ಭಾನುವಾರ ಮೂರು ತಾಸು ನಡೆದ್ರೆ ಹತ್ತಿರ ಹತ್ತಿರ 2.4 ಯೂನಿಟ್. ವಾರದಲ್ಲಿ ಎರಡು ಸಂಜೆ ಪ್ರಾರ್ಥನೆ ಕೂಟ, ರಾತ್ರಿ ಬಾಗಿಲ ಮುಂದೆ ಒಂದು ಬಲ್ಬು, ಎಲ್ಲ ಕೂಡಿಸಿದ್ರೂ ವಾರಕ್ಕೆ 5 ಯೂನಿಟ್.

ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ. ವಾರಕ್ಕೆ 28. ಬಳಸೋದು 5!

ಇದು ಚರ್ಚಿಗೆ ಮಾತ್ರ ಸೇರಿದ ಮಾತಲ್ಲ. ಗುಡಿ, ಮಠ, ಸಮುದಾಯ ಭವನ, ಎಲ್ಲ ಕಡೆ ಇದೇ ಕಥೆ. ಇಲ್ಲಿ ನಮ್ಮ ಸಂಗಮದಲ್ಲೇ ನೋಡಿ, ಜನವರಿಯಲ್ಲಿ ಶರಣ ಮೇಳ ಅಂದ್ರೆ ಕಾಲಿಡೋಕೆ ಜಾಗ ಇರಲ್ಲ. ಅದು ಮುಗಿದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಬನ್ನಿ, ಹೊಳೆ ನೀರಿನ ಸದ್ದು ಕೇಳುತ್ತೆ. ಜನ ಸೇರೋ ಕಟ್ಟಡಗಳ ಸ್ವಭಾವವೇ ಹಂಗ. ಸೂರ್ಯ ಮಾತ್ರ ಏಳೂ ದಿನ ಡ್ಯೂಟಿ ಮಾಡ್ತಾನೆ.

ಇನ್ನು ದುಡ್ಡು. ವಾರಕ್ಕೆ 5 ಯೂನಿಟ್ ಅಂದ್ರೆ ತಿಂಗಳಿಗೆ 22. ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕ ಹಿಡಿದ್ರೆ 132 ರೂಪಾಯಿ, ವರ್ಷಕ್ಕೆ ಸಾವಿರದ ಆರುನೂರರ ಆಜುಬಾಜು. ಫಿಕ್ಸೆಡ್ ಚಾರ್ಜ್ ಬೇರೆ, ಅದು ಸೋಲಾರ್ ಹಾಕಿದ್ರೂ ಬಿಡಲ್ಲ, ಹಂಗಾಗಿ ‘ಝೀರೋ’ ಅನ್ನೋ ಮಾತನ್ನ ಅರ್ಧ ನಂಬಿ. 50 ಸಾವಿರ ಹಾಕಿ ವರ್ಷಕ್ಕೆ 1,600 ಉಳಿಸಿದ್ರೆ ದುಡ್ಡು ವಾಪಸ್ ಬರೋಕೆ 31 ವರ್ಷ. ಪ್ಯಾನೆಲ್ಲಿಗೆ ಕಂಪನಿಗಳು ಕೊಡೋ ಗ್ಯಾರಂಟಿಯೇ ಸಾಮಾನ್ಯವಾಗಿ 25 ವರ್ಷದ್ದು. ಉಳಿದ ಯೂನಿಟ್ಟಿಗೆ ಹೆಸ್ಕಾಂ ದುಡ್ಡು ಕೊಡುತ್ತಲ್ಲ ಅಂತೀರಿ. ಕೊಡುತ್ತೆ, ಅದನ್ನ ಸೇರಿಸಿದ್ರೆ ವರ್ಷಗಳು ಕಮ್ಮಿ ಆಗ್ತಾವೆ. ಆದ್ರೆ ಆ ದರ ನಾವು ಕೊಳ್ಳೋ ದರಕ್ಕಿಂತ ಸಾಕಷ್ಟು ಕಮ್ಮಿ. ಮತ್ತೆ, ನೀವು ದುಡ್ಡು ಕೂಡಿಸಿದ್ದು ಕರೆಂಟ್ ಮಾರೋಕಲ್ಲ, ಹಿಂದಿನ ಸಾಲಿನ ಅಜ್ಜಿಗೆ ಪ್ರಸಂಗ ಕೇಳಿಸಲಿ ಅಂತ.

ಹಾಗಾದ್ರೆ ಕರೆಂಟ್ ಹೋದಾಗಿನ ಪ್ರಶ್ನೆಗೆ ಉತ್ತರ ಏನು? ಮೊದಲು ಫ್ಯಾನು. ಪ್ಯಾನೆಲ್ ಅಲ್ಲ, ಫ್ಯಾನು. ಹಳೇ 75 ವ್ಯಾಟಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ ಆರು ಫ್ಯಾನಿಗೆ 180 ವ್ಯಾಟ್ ಸಾಕು. ಒಟ್ಟು ಲೋಡು 790ರಿಂದ 520ಕ್ಕೆ ಇಳೀತು. ಮೂರು ತಾಸಿಗೆ 1.6 ಯೂನಿಟ್. ಈಗ 150 ಆಂಪಿಯರ್ ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ ತಗೊಳ್ಳಿ. ಕಾಗದದ ಮೇಲೆ ಅದರಲ್ಲಿ 3.6 ಯೂನಿಟ್ ಹಿಡಿಯುತ್ತೆ, ಆದ್ರೆ ಬ್ಯಾಟರಿ ಬಾಳಿಕೆ ಬರಬೇಕು ಅಂದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 1.8 ಯೂನಿಟ್ ಸಿಗುತ್ತೆ. ಇನ್ವರ್ಟರ್ ತಿನ್ನೋದನ್ನ ಕಳೆದ್ರೆ ಆರಾಧನೆ ಪೂರ್ತಿ ಕರೆಂಟ್ ಇಲ್ಲದೇ ಹೋದ್ರೂ ಮುಗಿಸಬಹುದು. ಹಳೇ ಫ್ಯಾನ್ ಇಟ್ಕೊಂಡಿದ್ರೆ ಎರಡು ಬ್ಯಾಟರಿ ಸಾಲ್ತಿರಲಿಲ್ಲ.

ಈ ಬ್ಯಾಟರಿ ತುಂಬೋಕೆ ಅರ್ಧ ಕಿಲೋವ್ಯಾಟ್ ಪ್ಯಾನೆಲ್ ಸಾಕು. ಈಗಿನ ದೊಡ್ಡ ಪ್ಯಾನೆಲ್ ಒಂದೇ ಅಷ್ಟು ಕೊಡುತ್ತೆ. ಒಂದೆರಡು ದಿನದಲ್ಲಿ ತುಂಬುತ್ತೆ, ಭಾನುವಾರದಿಂದ ಭಾನುವಾರದವರೆಗೆ ಟೈಮಿದೆ. ಆದ್ರೆ ಇನ್ನೊಂದು ಮಾತು. ನಿಮ್ಮೂರಲ್ಲಿ ಕರೆಂಟ್ ಹೋಗೋದು ಒಂದು ತಾಸು, ಎರಡು ತಾಸು ಅಷ್ಟೇ ಆಗಿದ್ರೆ ಆ ಬ್ಯಾಟರಿಯನ್ನ ಹೆಸ್ಕಾಂ ಕರೆಂಟೇ ತುಂಬಿಸುತ್ತೆ. ಅಂದ್ರೆ ಮೊದಲ ವರ್ಷ ಪ್ಯಾನೆಲ್ ಇಲ್ಲದೇನೇ ನಡೆಸಬಹುದು. ‘ಇನ್ವರ್ಟರ್ ಸಾಕಲ್ಲೋ’ ಅಂದ ಆ ಹಿರಿಯರು ಏನೂ ತಪ್ಪು ಹೇಳಿಲ್ಲ. ನಿಮ್ಮ 55 ಸಾವಿರಕ್ಕೆ ಫ್ಯಾನು, ಇನ್ವರ್ಟರು, ಬ್ಯಾಟರಿ ಅಂದ್ರೆ ಹೆಚ್ಚುಕಮ್ಮಿ ಸರಿಹೋಗುತ್ತೆ. ಪ್ಯಾನೆಲ್ಲು ಮುಂದಿನ ಕ್ರಿಸ್ಮಸ್ಸಿನ ಹಾಡಿಗೆ ಇರಲಿ. ಇನ್ವರ್ಟರ್ ಕೊಳ್ಳುವಾಗ ಮಾತ್ರ, ಮುಂದೆ ಸೋಲಾರ್ ಜೋಡಿಸೋಕೆ ಬರುವಂಥದ್ದೇ ಕೊಡ್ರಿ ಅಂತ ಕೇಳಿ.

ಇಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಸೋಲಾರ್ ಬಗ್ಗೆ ಮಾತಾಡ್ತೀನಿ ಅಂತ ಕರೆದು ಸೋಲಾರ್ ಬೇಡ ಅಂತಿದ್ದಾನಲ್ಲ ಅಂತ. ಬೇಡ ಅಂತಿಲ್ಲ. ಯಾವಾಗ ಬೇಕು ಅಂತ ಹೇಳ್ತಿದ್ದೀನಿ. ನಮ್ಮ ಭಾಗದಲ್ಲಿ ಕರೆಂಟ್ ತಯಾರಾಗಲ್ಲ ಅಂತೇನಿಲ್ಲ. ಮೇಲೆ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕ ಇದೆ. ನೀರು ನಿಲ್ಲಿಸಿದ್ದಕ್ಕೆ ಹಳೇ ಬಾಗಲಕೋಟೆಯ ಎಷ್ಟೋ ಭಾಗ ಹಿನ್ನೀರಿಗೆ ಹೋಗಿ ನವನಗರ ಎದ್ದು ನಿಂತಿತು. ಇಲ್ಲಿ ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನೋಡೋಕೆ ನಾವು ಬಾವಿಯಂಥ ಗೋಡೆಯ ಒಳಗೆ ಮೆಟ್ಟಿಲಿಳಿದು ಹೋಗೋದು ನಾರಾಯಣಪುರ ಡ್ಯಾಮಿನ ಹಿನ್ನೀರಿನ ಕಾರಣಕ್ಕೆ. ಇಷ್ಟೆಲ್ಲ ಆದ ಮೇಲೂ ಹಳ್ಳಿಯ ಕೊನೇ ಕಂಬದ ಮನೆಯಲ್ಲಿ ಕರೆಂಟ್ ಹೋಗುತ್ತೆ, ಯಾಕೆಂದ್ರೆ ತೊಂದರೆ ಇರೋದು ತಯಾರಿಸೋದರಲ್ಲಷ್ಟೇ ಅಲ್ಲ, ತಂತಿಯಲ್ಲಿ, ಟಿಸಿಯಲ್ಲಿ, ಗಾಳಿಗೆ ಬಿದ್ದ ಕೊಂಬೆಯಲ್ಲಿ. ಕೊನೇ ಕಂಬದ ಹತ್ತಿರ ಒಂದು ಬ್ಯಾಟರಿ ಇದ್ರೆ ಅದಕ್ಕೆ ಬೆಲೆ ಇರೋದು ಅದಕ್ಕೇ.

ಪ್ಯಾನೆಲ್ ಯಾವಾಗ ಬೇಕು ಅಂದ್ರೆ, ಉಳಿದ ಆರು ದಿನ ಆ ಕಟ್ಟಡಕ್ಕೆ ಕೆಲಸ ಇದ್ದಾಗ. ಮಧ್ಯಾಹ್ನ ಹೊಲಿಗೆ ಕ್ಲಾಸು ನಡೆಸ್ತೀರಾ ಅಂತ ಇಟ್ಕೊಳ್ಳಿ. 100 ವ್ಯಾಟಿನ ಮೋಟಾರಿನ ಐದು ಮಶೀನು, ದಿನಕ್ಕೆ ಐದು ತಾಸು, 2.5 ಯೂನಿಟ್. ವಾರಕ್ಕೆ ಆರು ದಿನ, 15 ಯೂನಿಟ್. ಈಗ ವಾರದ ಲೆಕ್ಕ 5ರಿಂದ 20ಕ್ಕೆ ಬಂತು, 28ರ ಹತ್ತಿರ ಹತ್ತಿರ. ಅದೂ ಬಿಸಿಲಿರುವಾಗಲೇ ಬಳಕೆ. ಬಾಲವಾಡಿ, ಟ್ಯೂಷನ್ನು, ಕಂಪ್ಯೂಟರ್ ಕಲಿಕೆ, ಯಾವುದೇ ಇರಲಿ, ಹಗಲಿನ ಬಳಕೆ ಇದ್ರೆ ಒಂದು ಕಿಲೋವ್ಯಾಟಿಗೆ ಅರ್ಥ ಬರುತ್ತೆ. ವ್ಯಾಟಿಕನ್‌ನಲ್ಲಿ 2008ರಲ್ಲಿ ಆರನೇ ಪೋಪ್ ಪೌಲರ ಹೆಸರಿನ ಸಭಾಂಗಣದ ಮೇಲೆ ಸುಮಾರು 2,400 ಪ್ಯಾನೆಲ್ ಹಾಕಿದ್ರು. ಅಲ್ಲೂ ದಿನಾ ಸಭೆ ಇರಲ್ಲ. ಆದ್ರೆ ಸುತ್ತ ಒಂದು ಪುಟ್ಟ ದೇಶವೇ ಇದೆ, ಸಭಾಂಗಣ ಖಾಲಿ ಇದ್ದಾಗ ಆ ಕರೆಂಟು ಪಕ್ಕದ ಕಟ್ಟಡಗಳಿಗೆ ಹೋಗುತ್ತೆ. ನಿಮ್ಮ ಪಕ್ಕದ ಕಟ್ಟಡ ಯಾವುದು ಅಂತ ನೋಡ್ಕೊಳ್ಳಿ.

ಸರಿ, ಹಾಕಿಸೋದೇ ಅಂತ ಆಯ್ತು. ಎಲ್ಲಿ? ಇಲ್ಲೊಂದು ಮಜಾ ಇದೆ. ಹಳೇ ಪದ್ಧತಿಯ ಪ್ರಕಾರ ಚರ್ಚಿನ ಬಲಿಪೀಠ ಪೂರ್ವಕ್ಕೆ ಇರುತ್ತೆ. ಅಂದ್ರೆ ಕಟ್ಟಡ ಪೂರ್ವ ಪಶ್ಚಿಮ ಉದ್ದ, ಚಾವಣಿಯ ಒಂದು ಇಳಿಜಾರು ತಾನಾಗೇ ದಕ್ಷಿಣಕ್ಕೆ ಮುಖ ಮಾಡಿರುತ್ತೆ. ನಮ್ಮ ದೇಶದಲ್ಲಿ ಸೋಲಾರ್ ಪ್ಯಾನೆಲ್ಲಿಗೆ ಬೇಕಾದ ದಿಕ್ಕೂ ಅದೇ. ಎಷ್ಟೋ ನೂರು ವರ್ಷದ ಹಿಂದೆ ಯಾರೋ ಪೂಜೆಗೆ ಅಂತ ಹಾಕಿದ ಲೆಕ್ಕ ಇವತ್ತು ಇದಕ್ಕೆ ಒದಗುತ್ತೆ. ಎಲ್ಲ ಚರ್ಚೂ ಹಂಗೇ ಇರಲ್ಲ, ಜಾಗ ಸಿಕ್ಕ ಕಡೆ ಕಟ್ಟಿದ್ದೂ ಇದೆ, ಮೊಬೈಲಿನ ದಿಕ್ಸೂಚಿ ತೆಗೆದು ನೋಡಿ.

ಆದ್ರೆ ಚಾವಣಿ ಹೆಂಚಿನದಾಗಿದ್ರೆ ಹುಷಾರು. ಬಾಸೆಲ್ ಮಿಷನ್‌ನವರು ನಮ್ಮ ಗುಳೇದಗುಡ್ಡಕ್ಕೆ ಬಂದು ಠಾಣ್ಯ ಹೂಡಿದ್ದು 1851ರಲ್ಲಿ. ಅದೇ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು, ಮಂಗಳೂರು ಹೆಂಚು ಅಂತ ನಾವು ಕರೆಯೋದು ಆ ಕಥೆಯಿಂದ ಬಂದದ್ದು. ಕರ್ನಾಟಕದ ಹಳೇ ಚರ್ಚು, ಶಾಲೆ ಎಷ್ಟಕ್ಕೋ ಇದೇ ಹೆಂಚಿನ ಹೊದಿಕೆ. ತಂಪು, ಚಂದ, ಆದ್ರೆ ಮೇಲೆ ಕಾಲಿಟ್ರೆ ಒಡೆಯುತ್ತೆ. ಪ್ಯಾನೆಲ್ ಒರೆಸೋಕೆ ವರ್ಷಕ್ಕೆ ಹತ್ತಿಪ್ಪತ್ತು ಸಲ ಹತ್ತಬೇಕು, ಪ್ರತಿ ಸಲ ಎರಡು ಹೆಂಚು ಹೋದ್ರೆ ಮಳೆಗಾಲಕ್ಕೆ ಸೋರೋಕೆ ಶುರು. ಕೆಳಗಿನ ಹಳೇ ತೊಲೆ ಜಂತಿ ಭಾರ ತಡೀತಾವಾ ಅಂತ ಬಡಿಗೇರರಿಗೆ ತೋರಿಸಲೇಬೇಕು. ಪಕ್ಕದಲ್ಲಿ ಆರ್‌ಸಿಸಿ ಕೋಣೆ ಇದ್ರೆ ಅದರ ಮೇಲೇ ಹಾಕಿ. ಒಂದು ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಜಾಗ ಸಾಕು.

ನೆರಳಿಲ್ಲದ ಅಂದೆ, ಗಮನ ಇರಲಿ. ಗಂಟೆಯ ಗೋಪುರದ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬಿದ್ರೂ ಜೊತೆಗೆ ಸಾಲಾಗಿ ಜೋಡಿಸಿದ ಉಳಿದ ಪ್ಯಾನೆಲ್‌ಗಳ ಕರೆಂಟೂ ಇಳಿಯುತ್ತೆ, ಪೈಪಿನಲ್ಲಿ ಒಂದು ಕಡೆ ಕಾಲಿಟ್ಟರೆ ಕೊನೆಯಲ್ಲಿ ನೀರು ಸಣ್ಣಗಾಗೋ ಹಂಗ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನೆರಳು ಉದ್ದ. ಆ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಫೋಟೋ ತಗೊಂಡು ಆಮೇಲೆ ಜಾಗ ಗುರುತು ಮಾಡಿ. ಗೋಪುರ ಊರಿಗೇ ಎತ್ತರ ಅಂದ್ರೆ ಸಿಡಿಲಿನ ಮಾತೂ ಬರುತ್ತೆ. ಸಿಡಿಲು ತಡೆಯೋ ಸಲಾಕೆ, ಸರಿಯಾದ ಅರ್ಥಿಂಗ್ ಇಲ್ಲದೇ ಪ್ಯಾನೆಲ್ ಏರಿಸಬೇಡಿ.

ಧೂಳು. ಹುನಗುಂದದ ಎರೆ ನೆಲದ ಬೇಸಿಗೆ ಗಾಳಿ, ಇಳಕಲ್ ಕಡೆ ಗ್ರಾನೈಟ್ ಕ್ವಾರಿಯ ಪುಡಿ, ಎರಡೂ ಗೊತ್ತಿರೋದೇ. ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಸವಳು ಬೋರ್ ನೀರು ಹಾಕಿ ಹಂಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತೆ. ಬಾದಾಮಿ ಕಡೆಯವರಿಗೆ ಮಂಗಗಳ ಬಗ್ಗೆ ನಾನು ಹೇಳೋ ಅವಶ್ಯಕತೆ ಇಲ್ಲ, ವೈರು ಪೈಪಿನೊಳಗಿರಲಿ. ಇನ್ನೊಂದು, ಏಪ್ರಿಲ್ ಮೇ ಬಿಸಿಲಿಗೆ ಭರ್ಜರಿ ಕರೆಂಟು ಬರುತ್ತೆ ಅಂದ್ಕೊಂಡಿರ್ತೀವಿ. ಪ್ಯಾನೆಲ್ಲಿಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿಗಿಂತ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಕಮ್ಮಿ ಆಗ್ತಾ ಹೋಗುತ್ತೆ. ನಮ್ಮ ಬೇಸಿಗೆಯಲ್ಲಿ ಪ್ಯಾನೆಲ್ಲಿನ ಮೈ 60 ಡಿಗ್ರಿ ಮುಟ್ಟಿದ್ರೆ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯ್ತು. ಹಿಂಬದಿ ಗಾಳಿ ಆಡೋಕೆ ಜಾಗ ಬಿಟ್ಟು ಕೂರಿಸಿ.

ಈಗ ಯಾರಿಗೂ ಇಷ್ಟವಿಲ್ಲದ ವಿಷಯ, ಬ್ಯಾಟರಿ ದುಡ್ಡು. ಲೆಡ್ ಆಸಿಡ್ ಬ್ಯಾಟರಿ ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕೈದು ವರ್ಷ. ಒಂದಕ್ಕೆ 15 ಸಾವಿರ ಹಿಡಿದ್ರೆ ಎರಡಕ್ಕೆ 30 ಸಾವಿರ. ನಾಲ್ಕು ವರ್ಷಕ್ಕೆ ಹಂಚಿ, ತಿಂಗಳಿಗೆ 625 ರೂಪಾಯಿ. ನಿಮ್ಮ ಕರೆಂಟು ಯೂನಿಟ್ಟಿನ ಖರ್ಚು ಎಷ್ಟಿತ್ತು? 132. ಅಂದ್ರೆ ಬ್ಯಾಟರಿ ಬಿಲ್ಲು ಹೆಸ್ಕಾಂ ಬಿಲ್ಲಿಗಿಂತ ದೊಡ್ಡದು, ಅದು ಪ್ರತಿ ತಿಂಗಳು ಬಾಗಿಲಿಗೆ ಬರಲ್ಲ ಅಷ್ಟೇ. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ದಿನ ಬರುತ್ತೆ. ಊರೂರಲ್ಲಿ ಸತ್ತು ನಿಂತ ಸೋಲಾರ್ ಬೀದಿ ದೀಪ ನೋಡಿದ್ದೀರಲ್ಲ, ಎಷ್ಟೋ ಸಲ ಮೇಲಿನ ಪ್ಯಾನೆಲ್ ಗಟ್ಟಿಯಾಗೇ ಇರುತ್ತೆ, ಒಳಗೆ ಬ್ಯಾಟರಿ ಸತ್ತಿರುತ್ತೆ. ಕಾಣಿಕೆ ಪುಸ್ತಕದಲ್ಲಿ ‘ಬ್ಯಾಟರಿ’ ಅಂತ ಒಂದು ಕಾಲಂ ಇವತ್ತೇ ಹಾಕಿ. ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ ಒಬ್ಬರ ಹೆಸರಿಗೇ ಇರಲಿ, ‘ಯುವಕರು ನೋಡ್ಕೋತಾರೆ’ ಅಂದ್ರೆ ಯಾರೂ ನೋಡ್ಕೊಳ್ಳಲ್ಲ. ಲಿಥಿಯಂ ಬ್ಯಾಟರಿ ಬೆಲೆ ಜಾಸ್ತಿ, ಆದ್ರೆ ನೀರು ಹಾಕೋ ಕೆಲಸ ಇಲ್ಲ, ಬಾಳಿಕೆಯೂ ಹೆಚ್ಚು. ಎರಡಕ್ಕೂ ಕೊಟೇಶನ್ ತರಿಸಿ ತಿಂಗಳ ಲೆಕ್ಕದಲ್ಲಿ ಹೋಲಿಸಿ.

ನಮ್ಮ ರಾಜ್ಯದಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಅಂತ ಕಂಪನಿ ಇದೆ, ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಳ್ಳಿ ಮನೆಗಳಿಗೆ ಸೋಲಾರ್ ಮುಟ್ಟಿಸಿದ್ದು ಪ್ಯಾನೆಲ್ಲಿನ ಜೊತೆ ಬ್ಯಾಂಕ್ ಸಾಲ ಮತ್ತೆ ಹತ್ತಿರದಲ್ಲೇ ರಿಪೇರಿಗೆ ಬರೋ ಜನ, ಇವೆರಡನ್ನೂ ಸೇರಿಸಿ. ನೀವು ಯಾರ ಹತ್ತಿರವೇ ಕೊಳ್ಳಿ, ಕೇಳಬೇಕಾದ ಮೊದಲ ಪ್ರಶ್ನೆ ರೇಟಲ್ಲ. ‘ಕೆಟ್ಟರೆ ಯಾವ ಊರಿಂದ ಬರ್ತೀರಿ, ಎಷ್ಟು ದಿನಕ್ಕೆ ಬರ್ತೀರಿ?’

ಕಾಗದಪತ್ರ ಬೇಗ ಹೇಳಿ ಮುಗಿಸ್ತೀನಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲೆ 78 ಸಾವಿರ ಸಬ್ಸಿಡಿ. ಆದ್ರೆ ಅದು ಮನೆಗಳಿಗೆ. ಚರ್ಚಿನ ಮೀಟರಿಗೆ ಆ ಸಬ್ಸಿಡಿ ಸಿಗುತ್ತೆ ಅಂತ ಯಾರಾದ್ರೂ ಅಂದ್ರೆ ದುಡ್ಡು ಕೊಡೋ ಮುಂಚೆ ಹೆಸ್ಕಾಂ ಆಫೀಸಿನಲ್ಲಿ ಕೇಳಿ. ಗ್ರಿಡ್ ಟೈ ಹಾಕೋದಾದ್ರೆ ಹೆಸ್ಕಾಂ ಒಪ್ಪಿಗೆ, ಎರಡೂ ಕಡೆ ಎಣಿಸೋ ಮೀಟರು ಕಡ್ಡಾಯ. ಮೀಟರ್ ಯಾರ ಹೆಸರಲ್ಲಿದೆ ಅಂತ ಮೊದಲೇ ನೋಡಿ, ಎಂದೋ ವರ್ಗವಾಗಿ ಹೋದ ಸಭಾಪಾಲಕರ ಹೆಸರಲ್ಲೇ ಇನ್ನೂ ಇರಬಹುದು. ಸಿಎಸ್‌ಐ ಸಭೆಯಾದ್ರೆ ಆಸ್ತಿ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತೆ, ಧಾರವಾಡದ ಉತ್ತರ ಸಭಾಪ್ರಾಂತದ ಕಚೇರಿಗೆ ಒಂದು ಪತ್ರ ಹೋಗಬೇಕಾಗುತ್ತೆ. ಪತ್ರಕ್ಕೆ ಟೈಮ್ ಹಿಡಿಯುತ್ತೆ, ಬ್ಯಾಟರಿ ಇನ್ವರ್ಟರಿಗೆ ಅಷ್ಟು ಕಾಯೋ ಅವಶ್ಯಕತೆ ಇರಲ್ಲ.

ನಿಮ್ಮೂರಿನ ಗುಡಿ, ಮಸೀದಿ, ಚರ್ಚು, ಗರಡಿಮನೆ, ಗ್ರಂಥಾಲಯ, ಎಲ್ಲೇ ಆಗಲಿ ಸೋಲಾರ್ ಹಾಕಿಸೋ ಮಾತು ನಡೀತಿದ್ರೆ ಹನ್ನೆರಡು ತಿಂಗಳ ಕರೆಂಟ್ ಬಿಲ್ಲಿನ ಫೋಟೋ, ಒಳಗೆ ಏನೇನು ಓಡುತ್ತೆ ಅನ್ನೋ ಪಟ್ಟಿ ಕಳಿಸಿ. ಫೋನ್ ನಂಬರು, ಆರ್‌ಆರ್ ನಂಬರು ಮುಚ್ಚಿ ಕಳಿಸ್ರಿ. ಮುಂದಿನ ವಾರ ಹೊಲದ ಸೋಲಾರ್ ಪಂಪಿನ ಬಗ್ಗೆ ಮಾತಾಡೋಣ, ಮೂರು ಎಚ್‌ಪಿ ಸಾಕಾ ಐದು ಬೇಕಾ ಅಂತ ಆಗಲೇ ಒಂಬತ್ತು ಜನ ಕೇಳಿದ್ದಾರೆ. ಬರ್ತೀನ್ರಿ.